ಹುಲಗೂರಿಗೆ ಹೋದ ಗೆಜ್ಜಿಕೊಪ್ಪ

ಸಮಾಜ ವಿಜ್ಞಾನ ಕಲಿಸುವ ಮಾಸ್ತರನಿಗೆ ಊರು, ಕೇರಿ, ದಿಕ್ಕು, ದೆಸೆ ಎಲ್ಲವೂ ಅಂಗೈಯ ಗೆರೆಯಷ್ಟು ಪರಿಚಿತ ಎಂದು ಜನ ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸುವ ಗೋಜಿಗೆ ನಾನು ಇಷ್ಟು ವರ್ಷ ಹೋಗಿಲ್ಲ; ನನ್ನ ಮರ್ಯಾದೆ ಉಳಿದಿರುವುದೇ ಅದರ ಮೇಲೆ. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನಿದೆ? ಇಪ್ಪತ್ತೆರಡು ವರ್ಷದಿಂದ ಭೂಗೋಳ ಕಲಿಸುತ್ತಿರುವ ನನ್ನನ್ನು ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಉತ್ತರ ದಿಕ್ಕು ಯಾವುದು ಎಂದು ಕೇಳಿದರೆ, ಹುಬ್ಬಳ್ಳಿ ಬಸ್ಸು ಯಾವ ಕಡೆ ಹೊರಳುತ್ತದೆ ಎಂದು ನೋಡಿಯೇ ಹೇಳಬೇಕು. ಬಸ್ಸು ತಡವಾದ ದಿನ ಉತ್ತರವೂ ತಡ. ಇದಕ್ಕೆ ನನ್ನ ಹುಟ್ಟು, ಮದುವೆ, ನೌಕರಿ ಮೂರೂ ಕಾರಣ. ಹುಟ್ಟಿದ್ದು ಹಿರೇಕೆರೂರು ತಾಲೂಕಿನ ಹಂಸಭಾವಿಯ ಹತ್ತಿರ, ಹೆಂಡತಿ ಸವಣೂರಿನವಳು, ಸಂಬಳ ಹಾನಗಲ್ಲ ತಾಲೂಕಿನದು. ಯಾವ ಊರು ದೊಡ್ಡದು ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ನನ್ನವಳು ನೇರವಾಗಿ ನವಾಬರನ್ನೇ ಕರೆತರುತ್ತಾಳೆ. "ನಮ್ಮೂರಾಗ ನವಾಬ್ರು ಇದ್ರು, ವೀಳ್ಯದೆಲಿ ಐತಿ, ಖಾರ ಐತಿ. ನಿಮ್ಮ ಕಡೆ ಏನೈತ್ರೀ?" ಎನ್ನುತ್ತಾಳೆ. ನಾನು ಸುಮ್ಮನೆ ಅವಳೂರಿನ ಆ ಕುರುಕಲು ಖಾರ ತಿನ್ನುತ್ತಾ ಕುಳಿತಿರುತ್ತೇನೆ. ಬಾಯಲ್ಲಿ ಅದನ್ನಿಟ್ಟುಕೊಂಡು ವಾದ ಮಾಡಲು ಆಗುವುದಿಲ್ಲ.

ನಮ್ಮ ಶಾಲೆ ಇರುವುದು ಸಂಪಿಗೆಹಾಳದಲ್ಲಿ, ಹಾನಗಲ್ಲಿನಿಂದ ಬೈಕಿನ ಮೇಲೆ ಅರ್ಧ ಗಂಟೆಯ ದಾರಿ. ಪಕ್ಕದ ಗೆಜ್ಜಿಕೊಪ್ಪದಲ್ಲಿ ನಾಲ್ಕನೆಯ ಇಯತ್ತೆಯಿಂದ ಮುಂದೆ ಶಾಲೆ ಇಲ್ಲದ್ದರಿಂದ ಅಲ್ಲಿನ ಮಕ್ಕಳೂ ನಮ್ಮಲ್ಲಿಗೇ ಬರುತ್ತಾರೆ. ಎರಡೂ ಊರಿನ ನಡುವೆ ಇರುವುದು ಒಂದು ಹಳ್ಳ, ನಾಲ್ಕಾರು ಗೋವಿನಜೋಳದ ಹೊಲ, ಅಷ್ಟೇ. ಒಂದು ದಿನ ನಮ್ಮ ಹೆಡ್‌ಮೇಡಂ ಕಚೇರಿಯ ಹೊರಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಹೀಗೆ ಖಾಲಿ ಗೋಡೆಯ ಮುಂದೆ ಅವರು ನಿಂತರೆ ಯಾರಿಗೋ ಒಬ್ಬರಿಗೆ ಕೆಲಸ ಹತ್ತಿತು ಎಂದೇ ಅರ್ಥ. ನಾನು ಮೆಲ್ಲಗೆ ಸರಿದು ಹೋಗುವಷ್ಟರಲ್ಲಿ ಕರೆದರು. "ಸರ್, ಈ ಗೋಡಿ ಮ್ಯಾಲ ನಮ್ಮ ತಾಲೂಕು ಬರಸೂಣ್ರಿ. ನಡುವ ನಕಾಶೆ, ಎಡಕ್ಕ ಭೂಗೋಳ, ಬಲಕ್ಕ ಇತಿಹಾಸ, ಕೆಳಗ ಜನಸಂಖ್ಯೆ. ನೀವು ಸಮಾಜ ವಿಜ್ಞಾನದವ್ರು, ಎಲ್ಲಾ ನಿಮ್ಮ ತಲ್ಯಾಗ ಇರ್ತೈತಿ." ನನ್ನ ತಲೆಯಲ್ಲಿ ಏನಿದೆ ಎಂಬುದು ನನಗೆ ಗೊತ್ತು. ಆದರೂ ಆಗಲಿ ಎಂದೆ.

ಭೂಗೋಳ ಬೇಗ ಮುಗಿಯಿತು. ಉತ್ತರಕ್ಕೆ ಶಿಗ್ಗಾವಿ ತಾಲೂಕು, ಆಗ್ನೇಯದ ಮೂಲೆಗೆ ಹಿರೇಕೆರೂರು, ವರದಾ ಮತ್ತು ಧರ್ಮಾ ಎಂಬ ಎರಡು ನದಿ, ಒಂದು ಕಡೆ ಭತ್ತ, ಇನ್ನೊಂದು ಕಡೆ ಗೋವಿನಜೋಳ, ನಡುನಡುವೆ ಅಡಿಕೆ, ಕಬ್ಬು. ತೊಂದರೆ ಶುರುವಾದದ್ದು ಇತಿಹಾಸದಲ್ಲಿ. ಮೇಡಂ ಅದಕ್ಕೆ ಕೊಟ್ಟ ಜಾಗ ಮೂರಡಿ ಅಗಲ, ಎರಡಡಿ ಎತ್ತರ. ಹಾನಗಲ್ಲಿನ ಇತಿಹಾಸವೋ, ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎನ್ನುವಲ್ಲಿಂದ ಮೊದಲಾಗುತ್ತದೆ. ಪಾಂಡವರನ್ನು ಒಂದು ಸಾಲಿನಲ್ಲಿ ಮುಗಿಸಿ, ಕದಂಬರಿಗೆ ಎರಡು ಸಾಲು, ತಾರಕೇಶ್ವರ ಗುಡಿಗೆ ಒಂದು, ಆನೆಕೆರೆಗೆ ಅರ್ಧ ಸಾಲು ಹಂಚಿದೆ. ಅಷ್ಟೊಂದು ಯುದ್ಧ ಮಾಡಿದ ಚಾಲುಕ್ಯರು, ಹೊಯ್ಸಳರು ಎಲ್ಲರೂ ಜಾಗ ಸಾಲದೆ ಕೊನೆಗೆ 'ಮುಂತಾದವರು' ಎಂಬ ಒಂದೇ ಮಾತಿನೊಳಗೆ ಜಗಳವಿಲ್ಲದೆ ಕುಳಿತರು.

ಜನಸಂಖ್ಯೆಯದು ಬೇರೆಯೇ ಕಥೆ. ಎರಡು ಸಾವಿರದ ಹನ್ನೊಂದರ ಗಣತಿಯ ನಂತರ ನಮ್ಮ ಪುಸ್ತಕಗಳ ಪ್ರಕಾರ ತಾಲೂಕಿನಲ್ಲಿ ಯಾರೂ ಹುಟ್ಟಿಲ್ಲ, ಯಾರೂ ತೀರಿಕೊಂಡಿಲ್ಲ. ಆ ಗಣತಿಗೆ ಮನೆಮನೆ ತಿರುಗಿದವರಲ್ಲಿ ನಾನೂ ಒಬ್ಬ. ಒಬ್ಬ ಅಜ್ಜಿ ಎಷ್ಟು ಮಕ್ಕಳು ಎಂದು ಕೇಳಿದ್ದಕ್ಕೆ, "ಮಾತು ಕೇಳವ್ರನ್ನ ಎಣಸ್ಲೋ, ಎಲ್ಲಾರ್ನೂ ಎಣಸ್ಲೋ?" ಎಂದು ನನ್ನನ್ನೇ ಕೇಳಿದ್ದಳು. ಈಗ ನನ್ನ ಏಳನೆಯ ತರಗತಿಯಲ್ಲಿರುವ ಮಕ್ಕಳು ಆ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ತಾವೇ ಇಲ್ಲದ ಸಂಖ್ಯೆಯನ್ನು ಅವರು ಪ್ರತಿವರ್ಷ ಬಾಯಿಪಾಠ ಮಾಡಿ ನನಗೆ ಒಪ್ಪಿಸುತ್ತಾರೆ, ನಾನು ಶಾಬಾಸ್ ಎನ್ನುತ್ತೇನೆ. ಇದನ್ನು ಮೇಡಂಗೆ ಹೇಳಿದಾಗ, "ಹಂಗಾರ ಚೌಕ ಹಾಕಿ ಖಾಲಿ ಬಿಡ್ರಿ. ಹೊಸಾ ಗಣತಿ ಆದ ಮ್ಯಾಲ ತುಂಬೂಣು" ಎಂದರು. ಹೀಗೆ ಬಹುಶಃ ಇಡೀ ರಾಜ್ಯದಲ್ಲಿ ಜನಸಂಖ್ಯೆಯ ಬಗ್ಗೆ ಸುಳ್ಳು ಹೇಳದ ಗೋಡೆ ನಮ್ಮದೊಂದೇ ಆಯಿತು.

ಬಣ್ಣದ ಡಬ್ಬಿಗಳನ್ನು ಕೊಟ್ಟವರು ಗೆಜ್ಜಿಕೊಪ್ಪದವರು. ನಮ್ಮ ಶಾಲಾ ಸಮಿತಿಯ ಅಧ್ಯಕ್ಷ ಬಸವಣ್ಣೆಪ್ಪ ಆ ಊರಿನವನು, ಅವನೇ ಊರಲ್ಲಿ ತಿರುಗಿ ಕೂಡಿಸಿ ತಂದಿದ್ದ. ಬರೆಯಲು ಬಂದವನು ಸಂಪಿಗೆಹಾಳದ ಪೇಂಟರ್ ಫಕ್ಕೀರಪ್ಪ. ಹಾನಗಲ್ಲಿನಿಂದ ಶಿಗ್ಗಾವಿಯವರೆಗೆ ಅಂಗಡಿಗಳ ಬೋರ್ಡು, ಟ್ರ್ಯಾಕ್ಟರಿನ ಹಿಂಭಾಗ, ಗುಡಿಯ ಗೋಡೆ ಯಾವುದೇ ನೋಡಿ, ಅಕ್ಷರ ದುಂಡಗೆ, ಗೆರೆ ನೆಟ್ಟಗೆ ಇದ್ದರೆ ಅದು ಫಕ್ಕೀರಪ್ಪನದು. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಾನೆ. ಅವನು ವರದಾ ನದಿಯನ್ನು ಎಳೆದು ಮುಗಿಸುವವರೆಗೆ ನೋಡುತ್ತಾ ನಿಂತ ನನಗೂ ಉಸಿರುಗಟ್ಟಿತ್ತು. ಐದು ದಿನದಲ್ಲಿ ಕೆಲಸ ಮುಗಿಯಿತು. ಮೇಡಂ ಬಂದು ಮೊದಲು ಅಕ್ಕಿಆಲೂರನ್ನು ಹುಡುಕಿದರು. ಅದು ಅವರ ಊರು. "ಹಾನಗಲ್ಲ ಬಿಟ್ರ ತಾಲೂಕಿಗೇ ದೊಡ್ಡೂರು ನಮ್ದು, ಅಕ್ಷರ ಇನ್ನಿಷ್ಟು ದಪ್ಪ ಇರ್ಲಿ" ಎಂದು ತಿದ್ದಿಸಿ ಹೋದರು. ನಾನು ಕಾಗುಣಿತ ನೋಡಿದೆ, ನದಿಗಳು ತಪ್ಪು ಕಡೆ ಹರಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ, ಎಲ್ಲ ಸರಿಯಿದೆ ಎಂದು ಬರೆದು ಸಹಿಯನ್ನೂ ಹಾಕಿದೆ. ಮುಂದಿನ ಸೋಮವಾರ ಹಾನಗಲ್ಲಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಅದನ್ನು ಉದ್ಘಾಟನೆ ಮಾಡುವುದೆಂದು ಗೊತ್ತಾಯಿತು.

ಶುಕ್ರವಾರ ಮಧ್ಯಾಹ್ನ ಬಿಸಿಯೂಟದ ನೀಲವ್ವ ಚಹಾ ಹಿಡಿದುಕೊಂಡು ಬಂದು ಗೋಡೆಯ ಮುಂದೆ ನಿಂತಳು. ಆಕೆಗೆ ಓದಲು ಬರುವುದಿಲ್ಲ. "ಸರ್, ನಮ್ಮ ಗೆಜ್ಜಿಕೊಪ್ಪ ಎಲ್ಲೈತ್ರೀ? ಕೈ ಇಟ್ಟು ತೋರಸ್ರಿ" ಎಂದಳು. ನಕಾಶೆಯ ಮುಂದೆ ನಿಂತವರು ಯಾರೂ ಮೊದಲು ಉತ್ತರ ದಿಕ್ಕು ಹುಡುಕುವುದಿಲ್ಲ, ತಮ್ಮ ಊರು ಹುಡುಕುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಸ್ವಂತವಾಗಿ ಕಂಡುಕೊಂಡ ಸತ್ಯ ಇದೊಂದೇ. ನಾನು ಜಂಬದಿಂದ ಬೆರಳು ಎತ್ತಿದೆ. ಸಂಪಿಗೆಹಾಳ ಸಿಕ್ಕಿತು. ಅದರ ಪಕ್ಕ ಹಳ್ಳದ ಜಾಗದಲ್ಲಿ ಬರೀ ಹಸಿರು ಬಣ್ಣವಿತ್ತು. ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ನದಿ ದಾಟಿತು. ಗೆಜ್ಜಿಕೊಪ್ಪ ಇರಲಿಲ್ಲ. ಚಹಾ ಆರಿ ಹೋಯಿತು. ಕೊನೆಗೆ ಸಿಕ್ಕಿತು. ತಾಲೂಕಿನ ಗಡಿಯ ಕಪ್ಪು ಗೆರೆ ದಾಟಿ, ನೆರೆಯ ತಾಲೂಕುಗಳೆಂದು ತೋರಿಸಲು ಬಿಟ್ಟ ಹಳದಿ ಜಾಗದ ತುದಿಗೆ, ಶಿಗ್ಗಾವಿ ತಾಲೂಕಿನ ಆಚೆ ಮಗ್ಗುಲಲ್ಲಿ ಹುಲಗೂರು ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಇಟ್ಟು, ಇರುವೆ ಸಾಲಿನಂಥ ಅಕ್ಷರದಲ್ಲಿ 'ಗೆಜ್ಜಿಕೊಪ್ಪ' ಎಂದು ಬರೆದಿತ್ತು.

ನಾನು ಬೆರಳನ್ನು ಅಲ್ಲಿ ಇಟ್ಟ ತಕ್ಷಣ ತೆಗೆದೆ. ಆದರೆ ನೀಲವ್ವ ನೋಡಿಬಿಟ್ಟಿದ್ದಳು. ಓದಲು ಬಾರದವಳಿಗೂ ದೂರ ತಿಳಿಯುತ್ತದೆ. "ಅಲ್ಲೇನ್ರಿ? ಗೆರಿ ಆಚಿಕಡೆ? ನಾ ದಿನಾ ನಡ್ಕೊಂತ ಬರ್ತೇನಲ್ರಿ ಸರ್!" ಎಂದಳು. ಬಣ್ಣ ಕೊಟ್ಟ ಊರೇ ತಾಲೂಕಿನಿಂದ ಹೊರಗೆ. ಈ ಸುದ್ದಿ ತಿಳಿದರೆ ಗೆಜ್ಜಿಕೊಪ್ಪದವರು ಸುಮ್ಮನಿರುವ ಪೈಕಿಯಲ್ಲ. ಅಲ್ಲಿನ ಮಕ್ಕಳು ಬರದಿದ್ದರೆ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ಆಮೇಲೆ ನಾನು 'ಹೆಚ್ಚುವರಿ ಶಿಕ್ಷಕ' ಆಗಿ ನಕಾಶೆಯ ಯಾವ ಮೂಲೆಗೆ ಹೋಗುತ್ತೇನೋ ದೇವರೇ ಬಲ್ಲ. ನೀಲವ್ವನಿಗೆ ಯಾರಿಗೂ ಹೇಳಬೇಡ ಎಂದು ಕೈಮುಗಿದೆ. ಆಕೆ, "ನಾ ಯಾರ ಮುಂದ ಹೇಳ್ಲಿ ಬಿಡ್ರಿ" ಎಂದಳು. ನಮ್ಮ ಕಡೆ ಹೀಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ತಿಳಿದುಕೊಳ್ಳಬೇಕು.

ಫಕ್ಕೀರಪ್ಪನ ಮನೆಗೆ ಓಡಿದೆ. ಅವನು ಅಂಗಳದಲ್ಲಿ ಕುಳಿತು ಕುಂಚ ತೊಳೆಯುತ್ತಿದ್ದ. ಒಲೆಯ ಮೇಲೆ ಅನ್ನ ತಳ ಹತ್ತಿದ ವಾಸನೆ ಬರುತ್ತಿತ್ತು. ಮನೆಯಲ್ಲಿ ಹೆಂಗಸರಿಲ್ಲ ಎಂಬುದು ಮೂಗಿಗೇ ತಿಳಿಯಿತು. "ಫಕ್ಕೀರಪ್ಪಾ, ಇದೇನೋ ಮಾರಾಯಾ, ಗೆಜ್ಜಿಕೊಪ್ಪ ಎಲ್ಲಿ ಒಯ್ದಿಟ್ಟಿ?" ಎಂದೆ.

ಅವನು ತಲೆ ಎತ್ತದೆ, "ಇರಬೇಕಾದಲ್ಲಿ ಐತ್ರಿ ಸರ್" ಎಂದ. "ಹುಲಗೂರಾಗ ದರ್ಗಾ ಐತಿ. ಅದರ ನೆರಳಿಗೆ ಇದ್ರ ಅವ್ರಿಗೂ ನಾಕು ಬುದ್ಧಿ ಬಂದೀತು."

ಆಗ ತಿಳಿಯಿತು ಸಂಗತಿ. ಗೆಜ್ಜಿಕೊಪ್ಪ ಅವನ ಹೆಂಡತಿ ರತ್ನವ್ವನ ತವರು. ಬಸವಣ್ಣೆಪ್ಪ ರತ್ನವ್ವನ ಒಡಹುಟ್ಟಿದ ತಮ್ಮ. ಮೂರು ತಿಂಗಳ ಹಿಂದೆ ಬಸವಣ್ಣೆಪ್ಪ ಹೊಸ ಮನೆ ಕಟ್ಟಿಸಿ ಪ್ರವೇಶ ಮಾಡಿದ್ದ. ನಮ್ಮ ಕಡೆ ಇಂಥ ಕಾರ್ಯದಲ್ಲಿ ಊಟಕ್ಕಿಂತ ದೊಡ್ಡದು ಆಯೇರ. ಬೀಗರನ್ನೂ ಅಳಿಯಂದಿರನ್ನೂ ಒಬ್ಬೊಬ್ಬರಾಗಿ ಹೆಸರು ಕರೆದು, ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ ಬಟ್ಟೆ ಕೊಡುತ್ತಾರೆ. ಬಟ್ಟೆ ಎಂಥದು ಎಂದು ಯಾರೂ ನೋಡುವುದಿಲ್ಲ. ಯಾರ ಹೆಸರು ಯಾರಿಗಿಂತ ಮೊದಲು ಬಂತು ಎಂದು ಎಲ್ಲರೂ ನೋಡುತ್ತಾರೆ. ಹಿರಿಯ ಅಳಿಯ ಫಕ್ಕೀರಪ್ಪ. ಆದರೆ ಗಡಿಬಿಡಿಯಲ್ಲಿ ಬಸವಣ್ಣೆಪ್ಪ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿರುವ ಕಿರಿಯ ಅಳಿಯನ ಹೆಸರನ್ನು ಮೊದಲು ಕರೆದುಬಿಟ್ಟ. ಎದ್ದು ನಿಂತಿದ್ದ ಫಕ್ಕೀರಪ್ಪ ನಿಂತಲ್ಲಿಂದಲೇ ಹೊರಟ, ಊಟವನ್ನೂ ಮಾಡಲಿಲ್ಲ. ರತ್ನವ್ವ, ನನ್ನ ತಮ್ಮನ ಮನೆಯ ಎಲೆ ಬಿಟ್ಟು ಹೋದವರ ಹಿಂದೆ ನಾನು ಹೋಗುವುದಿಲ್ಲ ಎಂದು ಅಲ್ಲೇ ಉಳಿದಳು. ಅವನೇ ಕರೆಯಲು ಬರಲಿ ಎಂದು ಇವಳು, ಅವಳಾಗಿಯೇ ಬರಲಿ ಎಂದು ಇವನು. ಅಂದಿನಿಂದ ಹಳ್ಳವನ್ನು ಇಬ್ಬರೂ ದಾಟಿಲ್ಲ.

"ಒಂದು ಹೆಸರು ಹಿಂದ ಮುಂದ ಆದ್ರ ಏನಾತೋ? ಇಷ್ಟಕ್ಕ ಸಂಸಾರ ಮುರ್ಕೋತಾರೇನು? ಮನಸು ದೊಡ್ಡದು ಮಾಡ್ಕೋಬೇಕು" ಎಂದು ನಾನು ದೊಡ್ಡ ಉಪದೇಶವನ್ನೇ ಮಾಡಿದೆ. ನನ್ನ ಮಾತು ನನಗೇ ಬಹಳ ಸೊಗಸಾಗಿ ಕೇಳಿಸಿತು. ಫಕ್ಕೀರಪ್ಪ ಕುಂಚ ಒರೆಸಿಕೊಂಡು, "ಅವ್ರು ನನ್ನ ಹೆಸರು ಮೊದಲ ಕರೀಲಿ, ನಾ ಅವ್ರ ಊರು ಬರೀತೇನಿ. ಅಲ್ಲೀತನಕ ಕುಂಚ ಮುಟ್ಟೂದಿಲ್ರಿ" ಎಂದು ಎದ್ದು ತಳ ಹತ್ತಿದ ಅನ್ನ ಇಳಿಸಲು ಒಳಗೆ ಹೋದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸವಣೂರಿನವಳು, ನವಾಬರ ನ್ಯಾಯ. "ಅವನ್ದೇನೂ ತಪ್ಪಿಲ್ಲ ಬಿಡ್ರಿ. ಎಲ್ಲಾರ ಮುಂದ ಎದ್ದು ನಿಂತು ಮತ್ತ ಕುಂದ್ರೂದಂದ್ರ ಸಣ್ಣ ಮಾತೇನ್ರಿ? ಆದ್ರ ಪಾಪ, ಆ ಹೆಣ್ಮಗಳಿಗೆ ಯಾರು ಬರ್ರಿ ಅನ್ಬೇಕು?" ಎಂದಳು. ನನಗೆ ಆ ಹೊತ್ತಿನಲ್ಲಿ ಹೆಣ್ಣುಮಗಳಿಗಿಂತ ಸೋಮವಾರದ ಚಿಂತೆಯೇ ಹೆಚ್ಚಾಗಿತ್ತು. ಈ ಮಾತನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಅಂದು ಆಗಲಿಲ್ಲ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಲ್ಲರೂ ಹೋದರು. ನಾನು ಒಬ್ಬನೇ ಉಳಿದು, ಕೆಂಪು ಬಣ್ಣದ ಡಬ್ಬಿ ಬಿಚ್ಚಿದೆ. ಒಂದು ಚುಕ್ಕೆ ಇಡುವುದು, ನಾಲ್ಕು ಅಕ್ಷರ ಬರೆಯುವುದು. ಹಲಗೆಯ ಮೇಲೆ ಇಡೀ ಭರತಖಂಡ ಬರೆಯುವವನಿಗೆ ಇದೇನು ಮಹಾ? ಸಂಪಿಗೆಹಾಳದ ಪಕ್ಕದಲ್ಲಿ ಚುಕ್ಕೆ ಇಟ್ಟೆ. ಅದು ದಪ್ಪವಾಯಿತು. ದುಂಡಗೆ ಮಾಡಲು ಹೋದೆ, ಇನ್ನೂ ದಪ್ಪವಾಯಿತು. ಸೀಮೆಸುಣ್ಣಕ್ಕೂ ಬಣ್ಣಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಅದು ಸೋರಲು ಶುರುವಾದಾಗ. ಒರೆಸಲು ಕರ್ಚೀಫು ಹಚ್ಚಿದೆ. ಗೆಜ್ಜಿಕೊಪ್ಪ ನೋಡನೋಡುತ್ತ ಹಾನಗಲ್ಲಿಗಿಂತ ದೊಡ್ಡದಾಯಿತು, ಅದರ ಕೆಳಗಿನಿಂದ ಒಂದು ಕೆಂಪು ಧಾರೆ ಇಳಿದು ಸಂಪಿಗೆಹಾಳದ ಮಗ್ಗುಲಿಗೆ ಬಂತು. ಬಂದದ್ದು ಬರಲಿ ಎಂದು ಮೇಲೆ ಹೆಸರು ಬರೆದೆ. ಸೊಟ್ಟಗಾದರೂ ಓದಲು ಬರುತ್ತಿತ್ತು. ಹುಲಗೂರಿನ ಪಕ್ಕದ್ದನ್ನು ಹಳದಿ ಬಣ್ಣದಿಂದ ಮುಚ್ಚಿದೆ. ಅದೊಂದು ಮಾತ್ರ ಚೆನ್ನಾಗಿ ಬಂತು, ಏಕೆಂದರೆ ಅಲ್ಲಿ ಏನನ್ನೂ ಬರೆಯಬೇಕಾಗಿರಲಿಲ್ಲ.

ಆಗಲೇ ಹೊರಗೆ ಟ್ರ್ಯಾಕ್ಟರಿನ ಸದ್ದು. ನೀಲವ್ವ ಯಾರಿಗೂ ಹೇಳಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಟ್ರೇಲರ್ ತುಂಬ ಗೆಜ್ಜಿಕೊಪ್ಪದ ಜನ ಇಳಿದರು. ಮುಂದೆ ಬಸವಣ್ಣೆಪ್ಪ, ಹಿಂದೆ ನಾಲ್ಕಾರು ಹಿರಿಯರು, ಅವರ ಹಿಂದೆ ಸೆರಗು ಬಿಗಿದ ಹೆಂಗಸರು. ಅವರಲ್ಲಿ ನೀಲವ್ವನೂ ಇದ್ದಳು, ರತ್ನವ್ವನೂ ಇದ್ದಳು. ಅದೇ ಗಳಿಗೆಗೆ ಇತ್ತ ಗೇಟಿನಿಂದ ಫಕ್ಕೀರಪ್ಪನೂ ಬಂದ. ಟ್ರ್ಯಾಕ್ಟರು ತನ್ನ ಮನೆಯ ಮುಂದೆಯೇ ಹಾದು ಬಂದದ್ದನ್ನು ನೋಡಿ ಹಿಂದೆಯೇ ಹೊರಟಿದ್ದನಂತೆ, ಜಗಳವಾದರೆ ತಾನೇ ಎದುರು ನಿಲ್ಲಬೇಕು, ಮಾಸ್ತರನ ಮೇಲೆ ಬರಬಾರದು ಎಂದು. ಕೈಯಲ್ಲಿ ಕುಂಚ ಇತ್ತು. ನಾನು ಕೆಂಪಾದ ಕೈಗಳನ್ನು ಹಿಂದೆ ಕಟ್ಟಿಕೊಂಡು ಗೋಡೆಗೆ ಆತು ನಿಂತೆ.

"ಸರಿ ನಿಂದ್ರಿ ಸರ್, ನೋಡೂಣು" ಎಂದ ಬಸವಣ್ಣೆಪ್ಪ. ನಾನು ಸರಿದೆ. ಎಲ್ಲರೂ ಗೋಡೆಯನ್ನು ನೋಡಿದರು. ಆಮೇಲೆ ಒಬ್ಬ ಹಿರಿಯರು ಕನ್ನಡಕ ಸರಿಮಾಡಿಕೊಂಡು, "ಇಲ್ಲ ಅಂದವ್ರು ಯಾರ್ರಿ? ಇಲ್ನೋಡ್ರಿ, ಹಾನಗಲ್ಲಕಿಂತ ದೊಡ್ಡದು ಮಾಡ್ಯಾರಲ್ಲ!" ಎಂದರು. ಇನ್ನೊಬ್ಬರು, "ಕೆಂಪು ಬಣ್ಣದಾಗ ನಮ್ದೊಂದ ಐತಿ" ಎಂದರು. ಬಸವಣ್ಣೆಪ್ಪನ ಮುಖ ಅರಳಿತು. ನಾನು ನಂಬಲಾರದೆ ಉಸಿರುಬಿಟ್ಟೆ. ಎಷ್ಟೋ ವರ್ಷದ ಹಿಂದೆ ನನ್ನ ಎಸ್ಸೆಸ್ಸೆಲ್ಸಿ ಗಣಿತದ ಫಲಿತಾಂಶ ನೋಡಿದಾಗ ಆಗಿದ್ದ ನೆಮ್ಮದಿ ಅದು.

ರತ್ನವ್ವ ಮಾತ್ರ ಗೋಡೆಯ ಹತ್ತಿರ ಹೋಗಿ, ಸೋರಿದ ಬಣ್ಣದ ಮೇಲೆ ಬೆರಳಾಡಿಸಿದಳು. "ಇದು ಅವ್ರ ಕೈ ಅಲ್ಲ ತಮ್ಮಾ" ಎಂದಳು. "ಹದಿನಾಲ್ಕು ವರ್ಷ ನೋಡೇನಿ. ಅವ್ರ ಗೆರಿ ಎಂದಾರ ಹಿಂಗ ಸೋರೂದೇನು? ಯಾರೋ ಕೈ ಬರಲಾರದವ್ರು ಬಡದಾರ." ನಾನು ಕೈಗಳನ್ನು ಇನ್ನಷ್ಟು ಹಿಂದೆ ಸರಿಸಿದೆ. ಆಕೆ ಗಂಡನ ಕಡೆ ತಿರುಗಿದಳು. ಮೂರು ತಿಂಗಳಿನಲ್ಲಿ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು. "ನಮ್ಮೂರು ಎಲ್ಲಿ ಒಯ್ದು ಇಟ್ಟಿದ್ರಿ?"

ಫಕ್ಕೀರಪ್ಪ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. ಅವನು ಕುಂಚ ಎತ್ತಿ, ನಾನು ಹಳದಿ ಬಳಿದ ಜಾಗವನ್ನು ತೋರಿಸಿದ. "ಅಲ್ಲಿ. ಹುಲಗೂರ ಹಂತ್ಯಾಕ."

ಹಿರಿಯರು ಗದ್ದಲ ಎಬ್ಬಿಸುವಷ್ಟರಲ್ಲಿ ರತ್ನವ್ವ ನಕ್ಕುಬಿಟ್ಟಳು. "ಅಯ್ಯ ಶಿವನ, ಹುಲಗೂರಿಗೇನ್ರಿ? ಎರಡು ಬಸ್ ಬದಲ ಮಾಡ್ಬೇಕು ಅಲ್ಲಿಗೆ! ಹಳ್ಳದ ದಂಡಿಮ್ಯಾಲ ಇರೂ ಊರು, ಅಷ್ಟು ದೂರ ಯಾಕ ಒಯ್ದ್ರಿ?"

"ಮೂರು ತಿಂಗಳಾತು, ನೀ ಬರ್ಲಿಲ್ಲ" ಎಂದ ಫಕ್ಕೀರಪ್ಪ. "ನನಗ ಅಷ್ಟ ದೂರ ಅನ್ನಿಸ್ತು."

ನಾನು ಅಕ್ಷಾಂಶ ರೇಖಾಂಶ ಕಲಿಸಿದವನು. ಎರಡು ಊರಿನ ದೂರವನ್ನು ಹೀಗೆ ಅಳೆಯಬಹುದೆಂದು ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಮರ್ಯಾದೆಗೆ ಕೆಮ್ಮಿದೆ. ರತ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನೀವೂ ಬರ್ಲಿಲ್ಲಲ್ರಿ" ಎಂದಳು. ಬಸವಣ್ಣೆಪ್ಪ ಒಂದು ಕ್ಷಣ ಅಕ್ಕನನ್ನೂ ಗೋಡೆಯನ್ನೂ ನೋಡಿದ. ಅವನು ಒಳ್ಳೆಯವನು, ಅಂದು ಗಡಿಬಿಡಿಯಲ್ಲಿದ್ದ ಅಷ್ಟೇ. ಹೆಗಲ ಮೇಲಿದ್ದ ಹೊಸ ಟವೆಲ್ ತೆಗೆದು ಝಾಡಿಸಿ, ಊರವರೆಲ್ಲರಿಗೂ ಕೇಳಿಸುವ ಹಾಗೆ, "ನಮ್ಮ ಮನಿ ಹಿರೇ ಅಳಿಯಾರು, ಫಕ್ಕೀರಪ್ಪ ಮಾವಾರು, ಮೊದಲ ಬರ್ಬೇಕ್ರಿ" ಎಂದು ಕೂಗಿದ. ಮಣೆ ಇರಲಿಲ್ಲ, ನಾನು ಓಡಿಹೋಗಿ ಕಚೇರಿಯಿಂದ ಮೇಡಂ ಅವರ ಕುರ್ಚಿಯನ್ನೇ ತಂದೆ. ಕುಂಕುಮ ಇರಲಿಲ್ಲ, ನೀಲವ್ವ ಅಡಿಗೆ ಕೋಣೆಯಿಂದ ಅರಿಶಿನ ತಂದಳು. ಫಕ್ಕೀರಪ್ಪ ಕುಂಚ ಹಿಡಿದುಕೊಂಡೇ ಕುಳಿತು ಆಯೇರ ಮಾಡಿಸಿಕೊಂಡ. ಕುರ್ಚಿಯ ಕೈಯ ಮೇಲೆ ನನ್ನ ಕೆಂಪು ಬೆರಳಚ್ಚು ಇಂದಿಗೂ ಇದೆ.

ಆಮೇಲೆ ಒಂದು ಸಣ್ಣ ಜಗಳ ನಡೆಯಿತು, ಅದೂ ಸಂತೋಷದ್ದು. ಗೆಜ್ಜಿಕೊಪ್ಪದವರು ನಮ್ಮ ಊರು ಇಷ್ಟು ದೊಡ್ಡದಾಗಿಯೇ ಇರಲಿ ಎಂದರು. ಫಕ್ಕೀರಪ್ಪ, "ಊರು ಸಣ್ಣದಾದ್ರ ನಡೀತೈತಿ, ಕೆಲಸ ಹೊಲಸಾದ್ರ ನಡ್ಯೂದಿಲ್ಲ" ಎಂದು ಅಂದೇ ಸಂಜೆ ಕುಳಿತು ತಿದ್ದಿದ. ನಾನು ಬಡಿದ ಕೆಂಪು ಗುಡ್ಡೆಯನ್ನು ಕೆರೆದು, ಅಳತೆಗೆ ತಕ್ಕ ಚುಕ್ಕೆ ಇಟ್ಟು, ದುಂಡಗೆ ಹೆಸರು ಬರೆದ. ಸೋರಿ ಇಳಿದಿದ್ದ ಧಾರೆಯನ್ನು ಮಾತ್ರ ಅಳಿಸದೆ ಅದರ ಮೇಲೆ ನೀಲಿ ಎಳೆದು ಹಳ್ಳ ಮಾಡಿದ. ಆ ಹಳ್ಳ ನನ್ನ ಪುಸ್ತಕದ ನಕಾಶೆಯಲ್ಲೂ ಇರಲಿಲ್ಲ. ಭೂಗೋಳಕ್ಕೆ ನನ್ನ ಕೊಡುಗೆ ಅದೊಂದೇ. ರತ್ನವ್ವ ಬಣ್ಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಕತ್ತಲಾಗುವ ಮೊದಲೇ ಇಬ್ಬರೂ ಸಂಪಿಗೆಹಾಳದ ಮನೆಯ ದಾರಿ ಹಿಡಿದರು.

ಸೋಮವಾರ ಎಲ್ಲ ಸಾಂಗವಾಗಿ ನಡೆಯಿತು. ಸಾಹೇಬರು ಪರದೆ ಸರಿಸಿ, ಜನಸಂಖ್ಯೆಯ ಖಾಲಿ ಚೌಕವನ್ನು ನೋಡಿ ಸ್ವಲ್ಪ ಹೊತ್ತು ಯೋಚಿಸಿ, "ಪ್ರಾಮಾಣಿಕವಾಗಿದೆ" ಎಂದರು. ಆಮೇಲೆ ತಮ್ಮ ಊರು ಇಲ್ಲಿ ಬರುವುದಿಲ್ಲವಲ್ಲ ಎಂದು ಬೇಸರಪಟ್ಟುಕೊಂಡರು. ಕೊನೆಗೆ ಮೇಡಂ ವಂದನಾರ್ಪಣೆಗೆ ಎದ್ದರು. ಸಾಹೇಬರನ್ನು ನೆನೆದರು. ಬಣ್ಣ ಕೊಟ್ಟ ಗೆಜ್ಜಿಕೊಪ್ಪದ ಹಿರಿಯರನ್ನು ನೆನೆದರು. ಫಕ್ಕೀರಪ್ಪನಿಗೂ ರತ್ನವ್ವನಿಗೂ ಚಪ್ಪಾಳೆ ಹೊಡೆಸಿದರು. ಉಪ್ಪಿಟ್ಟು, ಶಿರಾ ಮಾಡಿದ ನೀಲವ್ವ, ಮೈಕಿನವನು, ಜಮಖಾನೆ ಹಾಸಿದವರು, ಪರದೆಗೆಂದು ಮನೆಯ ಸೀರೆ ಕೊಟ್ಟ ಪಕ್ಕದ ಮನೆಯ ಅಜ್ಜಿ. ನಾನು ಎರಡು ಸಲ ಅಂಗಿಯ ಕಾಲರು ಸರಿಮಾಡಿಕೊಂಡೆ, ಏಳಲು ಅನುಕೂಲವಾಗುವಂತೆ ಕುರ್ಚಿಯ ತುದಿಗೆ ಬಂದು ಕುಳಿತೆ. ಮೇಡಂ "ಎಲ್ಲರಿಗೂ ವಂದನೆಗಳು" ಎಂದು ಮೈಕು ಕೆಳಗಿಟ್ಟರು.

ನನಗೆ ಏನೂ ಅನ್ನಿಸಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದು ಹೇಳಿ ಶಿರಾ ಮುಟ್ಟದೆ ಮನೆಗೆ ಬಂದೆ. ಹೆಂಡತಿ ಬಾಗಿಲು ತೆಗೆದು ಮುಖ ನೋಡಿದಳು. "ಉಂಡು ಬಂದ್ರೇನ್ರಿ?" "ಹಸಿವಿಲ್ಲ." "ಯಾರ್ಯಾರ ಹೆಸರು ಕರದ್ರು?" "ಎಲ್ಲಾರ್ದೂ." ಅವಳು ಒಳಗೆ ಹೋಗಿ, ಒಣಗಿದ ಬಟ್ಟೆಯ ರಾಶಿಯಿಂದ ಟವೆಲ್ ಒಂದನ್ನು ತಂದು ನನ್ನ ಹೆಗಲ ಮೇಲೆ ಹಾಕಿ, "ಬರ್ರಿ, ಕೈಕಾಲು ತೊಳ್ಕೋರಿ, ಮೊದಲ ನಿಮಗ ಬಡಸ್ತೇನಿ" ಎಂದಳು. ಸವಣೂರಿನವರ ಹೃದಯ ದೊಡ್ಡದು ಎಂದು ಅಂದು ಒಪ್ಪಿಕೊಂಡು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಇಷ್ಟಕ್ಕೆ ಎಲ್ಲ ಮುಗಿಯಿತು, ಮನಸ್ಸು ಹಗುರವಾಯಿತು ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ಮರುದಿನ ಬೆಳಿಗ್ಗೆ ಏಳನೆಯ ತರಗತಿಗೆ ಹಲಗೆಯ ಮೇಲೆ ತಾಲೂಕಿನ ನಕಾಶೆ ಬರೆದೆ. ಗಡಿ, ನದಿ, ಹಾನಗಲ್ಲ, ಸಂಪಿಗೆಹಾಳ, ಗೆಜ್ಜಿಕೊಪ್ಪ, ಹಳ್ಳ ಸಮೇತ. ನೋಡಿಕೊಂಡು ಬರೆದುಕೊಳ್ಳಿ ಎಂದೆ. ದೇವರಾಣೆಗೂ ಬೇಕೆಂದು ಬಿಟ್ಟದ್ದಲ್ಲ, ಕೈ ಹಾಗೆ ಓಡಿತು ಅಷ್ಟೇ. ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದಾಗ ಮೇಡಂ ದಿನದ ಸುತ್ತಿಗೆ ಬಂದು ಬಾಗಿಲಲ್ಲಿ ನಿಂತರು. ಅವರು ಕಲಿಸುವುದು ಗಣಿತ, ಆದರೂ ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು. ಹಾನಗಲ್ಲಿನ ಹತ್ತಿರ ಕಣ್ಣು ನಿಂತಿತು, ಅಲ್ಲಿಂದ ಸ್ವಲ್ಪ ಆಚೆ ಸರಿಯಿತು, ಮತ್ತೆ ಹಿಂದಕ್ಕೆ ಬಂತು. ಅವರ ಅಕ್ಕಿಆಲೂರು ಇರಬೇಕಾದ ಜಾಗದಲ್ಲಿ ಹಲಗೆ ಕಪ್ಪಗೆ, ಸ್ವಚ್ಛವಾಗಿತ್ತು. ಮೇಡಂ ಹಲಗೆಯನ್ನು ಬಿಟ್ಟು ನನ್ನ ಮುಖ ನೋಡಿದರು.

"ಸರ್," ಎಂದರು ಮೆಲ್ಲಗೆ, "ನಿನ್ನಿ ನಾ ನಿಮ್ಮ ಹೆಸರು ಹೇಳ್ಲಿಲ್ಲೇನ್ರಿ?"